ಗಾಳಿ ನೋಡಿ ದಾರಿ, ಮಳೆ ನೋಡಿ ಸವಾರಿ

ಗದಗ ಸೀಮೆಯಲ್ಲಿ ಸೈಕಲ್ ತುಳಿಯುವವರನ್ನು ಏರುದಾರಿಗಿಂತ ಹೆಚ್ಚು ದಣಿಸುವುದು ಗಾಳಿ. ಕಪ್ಪತಗುಡ್ಡದ ನೆತ್ತಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಇದಕ್ಕೆ ಸಾಕ್ಷಿ. ಗುಡ್ಡ ದಾಟಿದರೆ ಕಣ್ಣು ಹಾಯುವಷ್ಟು ದೂರ ಬಯಲು. ಗಾಳಿಗೆ ಅಡ್ಡ ನಿಲ್ಲುವುದು ಬದುವಿನ ಮೇಲಿನ ಬೇವು, ಜಾಲಿ ಅಷ್ಟೇ. ಹಾಗಾಗಿ ಇಲ್ಲಿ ರಜೆಯ ದಿನದ ಸವಾರಿಗೆ ಹೊರಡುವವರು ನಕಾಶೆಗಿಂತ ಮೊದಲು ಮುಗಿಲು ನೋಡಬೇಕು. ಈ ನೆಲದ ರೈತರು ತಲೆಮಾರುಗಳಿಂದ ಹಾಗೆ ನೋಡುತ್ತಲೇ ಬಂದಿದ್ದಾರೆ. ಅವರ ಲೆಕ್ಕವೇ ಸೈಕಲ್ ಸವಾರರಿಗೂ ಸರಿಯಾದ ಲೆಕ್ಕ.

ಎದುರುಗಾಳಿಯ ಗಣಿತ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ತಡೆ 4 ಪಟ್ಟಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಿದ್ದರೆ ತಡೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹೋಗುವಾಗ ಗಾಳಿಗೆ ಮುಖ ಕೊಡಬೇಕು, ಕಾಲು ಸೋತು ಮರಳುವಾಗ ಬೆನ್ನು ಕೊಡಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆಗ ಗದಗ-ಬೆಟಗೇರಿಯಿಂದ ನೈಋತ್ಯಕ್ಕಿರುವ ಲಕ್ಷ್ಮೇಶ್ವರದ ದಾರಿ ಹಿಡಿಯುವುದು ಜಾಣತನ. ಹೋಗುವಾಗ ಬೆವರು ಇಳಿಯುತ್ತದೆ ನಿಜ. ಆದರೆ ಹಳೆಯ ಪುಲಿಗೆರೆಯಾದ ಆ ಊರಿನಲ್ಲಿ, ನಂದಿಯ ಮೇಲೆ ಕುಳಿತ ಶಿವ-ಪಾರ್ವತಿಯರ ಸೋಮೇಶ್ವರ ಗುಡಿಯನ್ನು ನೋಡಿ ಹೊರಟರೆ, ಗಾಳಿಯೇ ಮನೆಯ ಕಡೆ ದೂಡುತ್ತದೆ. ಆಗ್ನೇಯಕ್ಕಿರುವ ಮುಂಡರಗಿಗೆ ಇದೇ ಕಾಲದಲ್ಲಿ ಹೊರಟವರು ಹುರುಪಿನಿಂದ ಹೋಗಿ, ಬರುವಾಗ ಪೆಡಲ್ ಪೆಡಲಿಗೂ ಹೆಣಗಬೇಕಾಗುತ್ತದೆ. ಆ ದಾರಿಯನ್ನು ಮೂಡಣ ಗಾಳಿ ಬೀಸುವ ಚಳಿಗಾಲಕ್ಕೆ ಎತ್ತಿಡುವುದು ಒಳ್ಳೆಯದು.

ರೋಹಿಣಿಯಿಂದ ಸ್ವಾತಿಯವರೆಗೆ

ಇಲ್ಲಿನ ಮಳೆಗೆ ನಕ್ಷತ್ರಗಳ ಹೆಸರು. ಒಂದೊಂದು ಮಳೆಗೂ 13-14 ದಿನಗಳ ಪಾಳಿ. ಮೇ ಕೊನೆಯಲ್ಲಿ ರೋಹಿಣಿ ಕೂಡುತ್ತದೆ, ಜೂನ್ ಮೊದಲ ವಾರದ ಹೊತ್ತಿಗೆ ಮೃಗಶಿರಾ, ನಂತರ ಆರಿದ್ರಾ. ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ ಎಂಬ ಮಾತಿದೆ. ಸವಾರರಿಗೆ ಮಾತ್ರ ಇದು ಎಚ್ಚರದ ಮಳೆ. ಬೇಸಿಗೆಯ ಧೂಳು, ವಾಹನಗಳಿಂದ ಸೋರಿದ ಎಣ್ಣೆ ಮೊದಲ ಹನಿಗಳೊಂದಿಗೆ ಬೆರೆತಾಗ ಡಾಂಬರು ಬಲು ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಬೇಕು, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು.

ಶ್ರಾವಣದ ಜಿಟಿಜಿಟಿ ಮಳೆ ಅಷ್ಟು ಕಾಡುವುದಿಲ್ಲ. ಹೆಸರು, ಶೇಂಗಾ ಹೊಲಗಳ ಹಸಿರಿನ ನಡುವೆ ತೊಯ್ದು ಹೋಗುವುದೇ ಒಂದು ಸುಖ. ಸೆಪ್ಟೆಂಬರ್ ಕೊನೆಯ ಹಸ್ತ, ಅಕ್ಟೋಬರಿನ ಚಿತ್ತಾ, ಸ್ವಾತಿ ಮಳೆಗಳ ಸ್ವಭಾವ ಬೇರೆ. ಬೆಳಿಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಗುಡುಗು-ಸಿಡಿಲು. ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತನೆಗೆ ರೈತರು ಕಾಯುವ ಈ ದಿನಗಳಲ್ಲಿ ನಸುಕಿನಲ್ಲೇ ಹೊರಟು ಮಧ್ಯಾಹ್ನದೊಳಗೆ ಮನೆ ಸೇರಬೇಕು. ಸಿಡಿಲಿನ ಸದ್ದು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ. ಶಾಲೆಯೋ ಮನೆಯೋ, ಗಟ್ಟಿ ಕಟ್ಟಡ ಹುಡುಕಿ. “ಮೋಡ ಬಾಳ ಕಪ್ಪಾಗ್ಯಾವ್ರಿ, ಸೊಲ್ಪ ಕುಂತು ಚಾ ಕುಡದು ಹೋಗ್ರಿ” ಎಂದು ಚಾದಂಗಡಿಯವರು ಕರೆದರೆ ಆ ಮಾತು ಮೀರಬಾರದು. ಆ ಮುಗಿಲನ್ನು ನಿತ್ಯ ನೋಡುವವರು ಅವರು.

ಎರಿ ಮತ್ತು ಮಸಾರಿ

ಗಾಳಿ, ಮಳೆಯಷ್ಟೇ ಮುಖ್ಯವಾದದ್ದು ಮಣ್ಣು. ಡಾಂಬರು ಬಿಟ್ಟು ಬಂಡಿದಾರಿಗೆ ಇಳಿಯುವ ಆಸೆಯಿದ್ದರೆ ಕಾಲಡಿಯ ನೆಲ ಯಾವುದೆಂದು ತಿಳಿದಿರಲೇಬೇಕು. ಕಪ್ಪು ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನ ಸಂದಿ ತುಂಬಿ ಸೈಕಲ್ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಗುಡ್ಡದ ಬುಡದ ಕೆಂಪು ಮಸಾರಿ ನೆಲದಲ್ಲಿ ನೀರು ಬೇಗ ಬಸಿಯುತ್ತದೆ, ಮಳೆ ನಿಂತ ಕೆಲ ಹೊತ್ತಿಗೇ ದಾರಿ ಗಟ್ಟಿಯಾಗುತ್ತದೆ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಸೆರಗಿನ ಊರುಗಳು ಮಳೆಗಾಲಕ್ಕೆ ಒಗ್ಗುವುದು ಇದರಿಂದಲೇ. ಮನೆಗೆ ಬಂದ ಮೇಲೆ ಚೈನು ಒರೆಸಿ, ಒಣಗಿಸಿ, ಎಣ್ಣೆ ಬಿಡುವುದನ್ನು ಮರೆಯಬಾರದು.

ಚಳಿಗಾಲದ ಎರಡು ದಾರಿ

ಚಳಿಗಾಲದಲ್ಲಿ ಮೊದಲು ಹೋಗಬೇಕಾದದ್ದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ. ಗದಗದಿಂದ ಸುಮಾರು 26 ಕಿ.ಮೀ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಬೀಡುಬಿಟ್ಟು, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಸೈಕಲ್ಲಿಗೆ ಸದ್ದಿಲ್ಲ, ಹೊಗೆಯಿಲ್ಲ. ಹಕ್ಕಿಗಳ ಊರಿಗೆ ಹೋಗಲು ಇದಕ್ಕಿಂತ ಯೋಗ್ಯ ವಾಹನವಿಲ್ಲ.

ಇನ್ನೊಂದು ಮುಂಡರಗಿ ರಸ್ತೆ. ನಡುವೆ ಡಂಬಳ, ಅಲ್ಲಿ 12ನೇ ಶತಮಾನದ ದೊಡ್ಡಬಸಪ್ಪನ ಗುಡಿ. 24 ಮೂಲೆಗಳ ನಕ್ಷತ್ರಾಕಾರದ ಆ ಗೋಡೆಯ ಮೇಲೆ ಬೆಳಗಿನ ಎಳೆಬಿಸಿಲು ಮೂಲೆಯಿಂದ ಮೂಲೆಗೆ ಸರಿಯುವುದನ್ನು ನೋಡಲು ಹೊತ್ತು ಹಾಕಬೇಕು. ಇಬ್ಬನಿಯಲ್ಲಿ ಬೆಳೆದ ಕಡಲೆಗಿಡದ ಹುಳಿ, ಸುಟ್ಟ ಎಳೆಜೋಳದ ಸೀತನಿಯ ಸವಿ ಈ ದಿನಗಳ ಬುತ್ತಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಬೆಳೆ ಹರವಿರುತ್ತಾರೆ. ಒಣದಂಟು ಚೈನಿಗೆ ಸಿಕ್ಕುತ್ತದೆ, ಕಾಳಿನ ಮೇಲೆ ಗಾಲಿ ಜಾರುತ್ತದೆ. ಇಳಿದು ನಡೆಯುವುದೇ ಲೇಸು, ಅದು ಒಬ್ಬರ ವರ್ಷದ ಅನ್ನ.

ಆತುರ ಬೇಡ

ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ. ದೂರದ ಸವಾರಿಯ ಬ್ರೆವೆಗಳಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, ಮಳೆಯಿರಲಿ ಬಿಸಿಲಿರಲಿ. ಆ ಸಾಧನೆ ದೊಡ್ಡದು. ಆದರೆ ಸಂತೋಷಕ್ಕೆ ತುಳಿಯುವವರಿಗೆ ಗಡಿಯಾರದ ಹಂಗಿಲ್ಲ. ಮಳೆ ಬಂದರೆ ನಿಲ್ಲಬಹುದು, ಗಾಳಿ ತಿರುಗಿದರೆ ದಾರಿ ಬದಲಿಸಬಹುದು. ಶನಿವಾರ ಸಂಜೆ ಮನೆಯ ಹಿರಿಯರನ್ನು, ಹೊಲ ಮಾಡುವ ಗೆಳೆಯರನ್ನು ಕೇಳಿ: ಈಗ ಯಾವ ಮಳೆ ನಡೆದಿದೆ, ಗಾಳಿ ಯಾವ ಕಡೆಯದು? ಭಾನುವಾರ ಲಕ್ಷ್ಮೇಶ್ವರವೋ ಮುಂಡರಗಿಯೋ ಎಂಬುದನ್ನು ಅವರ ಉತ್ತರವೇ ತೀರ್ಮಾನಿಸಲಿ.