ಚೆನ್ನಾಗೇ ಇರುವ ಕೂಸಿಗೆ ರಕ್ತ ಪರೀಕ್ಷೆ ಯಾಕೆ?

ನಾಗಲದಿನ್ನೆ: ಕೂಸಿನ ಕೈಬೆರಳು, ಪಾದ ಬಾತುಕೊಂಡಿವೆ. ಮುಟ್ಟಿದರೆ ಚೀರುತ್ತದೆ. 'ದೃಷ್ಟಿ ಆಗೈತಿ, ಉಪ್ಪು ಇಳಿತೆಗಿ' ಅಂತಾರೆ ಅಜ್ಜಿ. 'ಎಲ್ಲ್ಯೋ ಉಳುಕೈತಿ, ಎಣ್ಣಿ ಹಚ್ಚಿ ತಿಕ್ಕು' ಅಂತಾರೆ ಪಕ್ಕದ ಮನೆಯವರು. ತಿಕ್ಕುವುದು ಹಾಗಿರಲಿ. ಏಟು ಬೀಳದೇ ಕೈಕಾಲು ಹೀಗೆ ಊದಿದರೆ ಅದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಮೊದಲ ಗುರುತಾಗಿರಬಹುದು.

ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಈ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ನೋವು ತರುತ್ತದೆ, ಬೇಗ ಒಡೆದು ರಕ್ತ ಕಡಿಮೆ ಮಾಡುತ್ತದೆ.

ನಮ್ಮ ಸೀಮೆಗೆ ಈ ಹೆಸರು ಅಪರೂಪ. ನೀಲಗಿರಿಯ ಗುಡ್ಡಗಾಡಿನವರಲ್ಲಿ 1952ರಲ್ಲೇ ಇದನ್ನು ಗುರುತಿಸಲಾಗಿತ್ತು. ಮೈಸೂರು, ಚಾಮರಾಜನಗರದ ಹಾಡಿಗಳಲ್ಲಿ, ಆಂಧ್ರದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿ ಇದು ಗೊತ್ತಿರುವ ಕಾಯಿಲೆ. ಹಾಗಂತ 'ಅದು ಕಾಡಿನವರ ರೋಗ' ಎಂದು ಕೈತೊಳೆದುಕೊಳ್ಳುವಂತಿಲ್ಲ. ತಂದೆಯಿಂದ ಸಿಕಲ್ ಅಂಶ, ತಾಯಿಯಿಂದ ಥಲಸ್ಸೇಮಿಯಾ ಅಂಶ ಬಂದರೂ ಮಗುವಿಗೆ ಇದೇ ಕಾಟ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿದೆ. ಮನೆತನದಲ್ಲಿ ಅಂಶ ಇದ್ದರೆ ಅದು ಗಂಡ ಹೆಂಡತಿ ಇಬ್ಬರಿಗೂ ಬಂದಿರುವ ಸಾಧ್ಯತೆ ಹೆಚ್ಚು. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. 'ಮೊದಲನೇದಕ್ಕ ಬಂತು, ಇನ್ನ ಮೂರಕ್ಕ ಬರಂಗಿಲ್ಲ' ಎಂಬ ಲೆಕ್ಕ ತಪ್ಪು.

ಮೋಸ ಇರುವುದು ಮೊದಲ ತಿಂಗಳುಗಳಲ್ಲಿ. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಹುಟ್ಟಿದ ಮೇಲೂ ಕೆಲಕಾಲ ಉಳಿದು ಮಗುವನ್ನು ಕಾಯುತ್ತದೆ. ಮಗು ಹಾಲು ಕುಡಿದು ನಗುತ್ತಾ ಇರುತ್ತದೆ. ನಾಲ್ಕಾರು ತಿಂಗಳಿಗೆ ಆ ರಕ್ಷಣೆ ಕರಗುತ್ತದೆ. ಗುಲ್ಮ ದುರ್ಬಲವಾಗಿ ನ್ಯುಮೋನಿಯಾ, ರಕ್ತದ ನಂಜು ಬಂದರೆ ಒಂದೆರಡು ದಿನದಲ್ಲೇ ಕೂಸು ಕೈತಪ್ಪಬಹುದು. ಆದ್ದರಿಂದಲೇ ಹುಟ್ಟಿದ ದಿನಗಳಲ್ಲಿ ಹಿಮ್ಮಡಿಗೆ ಸೂಜಿ ಚುಚ್ಚಿ ಎರಡು ಹನಿ ರಕ್ತ ತೆಗೆಯುವುದು. ದೊಡ್ಡವರಿಗೆ ಮಾಡುವ ಸಾದಾ ಕರಗುವಿಕೆ ಪರೀಕ್ಷೆ ಆರು ತಿಂಗಳೊಳಗಿನ ಮಗುವಿಗೆ ನಂಬಿಕೆಯದ್ದಲ್ಲ. ಎಚ್‌ಪಿಎಲ್‌ಸಿಯಂಥ ಪರೀಕ್ಷೆ ಬೇಕು.

ಮೊದಲೇ ಗೊತ್ತಾದರೆ ಮದ್ದಿದೆ, ಅದೂ ದುಬಾರಿಯಲ್ಲ. ಎರಡು ಮೂರು ತಿಂಗಳಿಂದ ಐದು ವರ್ಷದವರೆಗೆ ದಿನವೂ ಪೆನ್ಸಿಲಿನ್. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಷ್ಟರಿಂದಲೇ ನ್ಯುಮೋಕಾಕಸ್ ಸೋಂಕು 84% ಇಳಿದಿತ್ತು. ನ್ಯುಮೋಕಾಕಸ್ ಲಸಿಕೆ ಈಗ ಸರ್ಕಾರಿ ಪಟ್ಟಿಯಲ್ಲೇ ಇದೆ. ಒಂಬತ್ತು ತಿಂಗಳ ನಂತರ ವೈದ್ಯರು ಹೈಡ್ರಾಕ್ಸಿಯೂರಿಯಾ ಆರಂಭಿಸಬಹುದು. ಎಡಪಕ್ಕೆಯ ಕೆಳಗೆ ಕೈಯಿಟ್ಟು ಗುಲ್ಮ ನೋಡುವುದನ್ನು ತಾಯಂದಿರು ಆಸ್ಪತ್ರೆಯಲ್ಲಿ ಕಲಿಯಬೇಕು. ಅದು ದಿಢೀರನೆ ಊದಿ ಕೂಸು ಬಿಳಿಚಿಕೊಂಡರೆ, ಜ್ವರ ಏರಿದರೆ ಬೆಳಗಾಗಲಿ ಎನ್ನಬಾರದು. ನಮ್ಮ ಬಿಸಿಲಿಗೆ ನೀರು, ಹಾಲು ಕಡಿಮೆಯಾಗಲೂ ಬಾರದು.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಆ ಪಟ್ಟಿಗೆ ಸೇರದ ಊರುಗಳಲ್ಲಿ ಮನೆಯವರೇ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಮಾತು ಗಡಿಯವರಿಗೇ. ಮಗಳು ಬಾಣಂತನಕ್ಕೆ ರಾಯಚೂರು ಕಡೆಯ ತವರಿಗೆ ಹೋಗಿ ಐದನೇ ತಿಂಗಳಿಗೆ ಗಂಡನ ಮನೆಗೆ ಬರುತ್ತಾಳೆ. ಕೂಸು ಬರುತ್ತದೆ, ತೊಟ್ಟಿಲು ಬರುತ್ತದೆ, ಪರೀಕ್ಷೆಯ ಚೀಟಿ ತವರಿನ ಟ್ರಂಕಿನಲ್ಲೇ ಉಳಿಯುತ್ತದೆ. ಈ ಕಡೆಯ ಡಾಕ್ಟರಿಗೆ ಆ ಚೀಟಿಯೇ ಮೊದಲು ಬೇಕಾಗುವುದು.