ಕೊಳವೆಯ ಒಳಗೆ ಥ್ರೆಡ್

ಒಳಗೆ ಉದ್ದಕ್ಕೂ ಥ್ರೆಡ್ ಇರುವ ಲೋಹದ ಕೊಳವೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಅಷ್ಟು ಆಳಕ್ಕೆ ಥ್ರೆಡ್ ಕೊರೆಯುವುದು ಕಷ್ಟ, ಅಗತ್ಯವೂ ಕಡಿಮೆ. ಬೋಲ್ಟ್ ತನ್ನ ವ್ಯಾಸದ ಒಂದೂವರೆ ಪಟ್ಟು ಒಳಹೊಕ್ಕರೆ ಸಾಮಾನ್ಯವಾಗಿ ಹಿಡಿತ ಸಾಕು. ಹಾಗಾಗಿ ಎರಡು ತುದಿಗಳಲ್ಲಿ ಥ್ರೆಡ್ ಇದ್ದರೆ ಕೆಲಸ ನಡೆಯುತ್ತದೆ.

ಹವ್ಯಾಸಿಗಳಿಗೆ ಬಹಳ ಸಲ ಸಿದ್ಧ ವಸ್ತುಗಳೇ ಸಾಕು. ಸರ್ಕ್ಯೂಟ್ ಬೋರ್ಡನ್ನು ಎತ್ತರಿಸಿ ನಿಲ್ಲಿಸುವ, ಒಳಗೆ ಥ್ರೆಡ್ ಇರುವ ಆರು ಮೂಲೆಯ ಹಿತ್ತಾಳೆ ಸ್ಪೇಸರ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುತ್ತದೆ. ಥ್ರೆಡ್ ರಾಡುಗಳನ್ನು ಜೋಡಿಸುವ ಉದ್ದನೆಯ ಕಪ್ಲಿಂಗ್ ನಟ್ ಕೂಡ ಇದೇ ಬಗೆಯದು.

ಬೇಕಾದ ಅಳತೆ ಸಿಗದಿದ್ದರೆ ಕೊಳವೆಗೆ ಟ್ಯಾಪ್ (ಒಳ ಥ್ರೆಡ್ ಕೊರೆಯುವ ಉಪಕರಣ) ಹೊಡೆಯಬೇಕು. ಇಲ್ಲಿ ಎಲ್ಲವೂ ಒಳವ್ಯಾಸದ ಮೇಲೆ ನಿಂತಿದೆ: ಎಂ3 ಬೋಲ್ಟಿಗೆ 2.5 ಮಿ.ಮೀ., ಎಂ4ಗೆ 3.3, ಎಂ6ಗೆ 5. ಹೊರವ್ಯಾಸ 10, ಒಳವ್ಯಾಸ 5 ಮಿ.ಮೀ. ಇರುವ ಅಲ್ಯೂಮಿನಿಯಂ ಕೊಳವೆ ಎಂ6ಗೆ ಹೇಳಿ ಮಾಡಿಸಿದಂತಿರುತ್ತದೆ. ಅದನ್ನು ವೈಸಿನಲ್ಲಿ ಹಿಡಿದು, ಎರಡು ಹನಿ ಸೀಮೆಎಣ್ಣೆ ಬಿಟ್ಟು, ಟ್ಯಾಪನ್ನು ನೆಟ್ಟಗೆ ಇಳಿಸಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ತಿರುಗಿಸಿದಾಗ ಲೋಹದ ಚೂರು ‘ಟಕ್’ ಎಂದು ಮುರಿಯುವುದು ಕೈಗೇ ತಿಳಿಯುತ್ತದೆ. ಅವಸರ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಅದನ್ನು ತೆಗೆಯುವುದು ದೊಡ್ಡ ಫಜೀತಿ. ಹಿತ್ತಾಳೆ ಇನ್ನೂ ಸುಲಭ. ಸ್ಟೇನ್‌ಲೆಸ್ ಸ್ಟೀಲನ್ನು ಹೊಸಬರು ಮುಟ್ಟದಿರುವುದೇ ವಾಸಿ.

ತೆಳು ಗೋಡೆಯ ಕೊಳವೆ ಟ್ಯಾಪನ್ನು ತಾಳದು. ಅದರ ತುದಿಗೆ, ಥ್ರೆಡ್ ಇರುವ ಹಿತ್ತಾಳೆ ಬುಷ್ಷನ್ನು ಲೇತಿನಲ್ಲಿ ಕಡೆಸಿ ತೂರಿಸಿ, ಎಪಾಕ್ಸಿ ಅಂಟು ಹಾಕಿ ಕೂರಿಸುತ್ತಾರೆ.