ಲ್ಯಾಪ್‌ಟಾಪ್ ಪರದೆ: ಚುಕ್ಕಿಗಳು ಎಷ್ಟಿದ್ದರೆ ಸಾಕು?

ಹತ್ತನೆಯ ತರಗತಿ ಮುಗಿದು ಮಕ್ಕಳು ಪ್ಲಸ್ ವನ್ ಸೇರುವ ಹೊತ್ತಿಗೆ ಹೆತ್ತವರು ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೆ ಈಗ ಹೊಸತೊಂದು ಸೇರಿಕೊಂಡಿದೆ. "ಮಾಷ್ಟ್ರೇ, ಮಗಳಿಗೆ ಲ್ಯಾಪ್‌ಟಾಪ್ ತೆಗೆಯಬೇಕು. ಅಂಗಡಿಯವರು 4ಕೆ ಪರದೆಯದ್ದೇ ಒಳ್ಳೆಯದೆನ್ನುತ್ತಾರೆ. ಅಷ್ಟು ದುಡ್ಡು ಹಾಕಬೇಕೇ?" ಅಡಿಕೆ ಮಾರಿದ, ಬೀಡಿ ಕಟ್ಟಿದ ಹಣದಿಂದ ಕೊಳ್ಳುವವರಿಗೆ ಹಗುರವಾಗಿ ಉತ್ತರಿಸುವುದು ಸರಿಯಲ್ಲ.

ಪರದೆಯೆಂದರೆ ಬೆಳಕಿನ ಚುಕ್ಕಿಗಳ ಹಾಸು. ಹಳೆಯ ಅಗ್ಗದ ಯಂತ್ರಗಳಲ್ಲಿ ಅಡ್ಡಕ್ಕೆ 1366, ನೆಟ್ಟಗೆ 768 ಚುಕ್ಕಿಗಳು. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. 4ಕೆಯಲ್ಲಿ 3840 ಮತ್ತು 2160. ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು. 15.6 ಇಂಚಿನ ಪರದೆಯಲ್ಲಿ ಇಂಚೊಂದಕ್ಕೆ ಇವು ಕ್ರಮವಾಗಿ ಸುಮಾರು 100, 141 ಮತ್ತು 282 ಚುಕ್ಕಿಗಳಾಗುತ್ತವೆ. 2012ರಲ್ಲಿ ಆಪಲ್ ಕಂಪೆನಿ 220 ಚುಕ್ಕಿಗಳ 'ರೆಟಿನಾ' ಪರದೆಯನ್ನು ಲ್ಯಾಪ್‌ಟಾಪಿಗೆ ತಂದ ಮೇಲೆ ಈ ಪೈಪೋಟಿ ಬಲವಾಯಿತು.

ಆದರೆ ಕಣ್ಣಿಗೂ ಒಂದು ಮಿತಿಯಿದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರುವತ್ತರಲ್ಲೊಂದು ಪಾಲಿನಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲದು. ಎರಡು ಅಡಿ ದೂರದಿಂದ ನೋಡುವಾಗ ಇದು ಇಂಚಿಗೆ ಸುಮಾರು 145 ಚುಕ್ಕಿಗಳಿಗೆ ಸಮ. ಫುಲ್ ಎಚ್‌ಡಿ ಹೆಚ್ಚುಕಡಿಮೆ ಅಲ್ಲಿಗೇ ತಲಪುತ್ತದೆ. ಹತ್ತಿರದಿಂದ ನೋಡಿದರೆ, ದೃಷ್ಟಿ ಚುರುಕಾಗಿದ್ದರೆ 4ಕೆಯ ನಯ ತಿಳಿಯುವುದು ನಿಜ. ಆದರೆ ಅದೇ ಅಳತೆಯ ಪರದೆಯಲ್ಲಿ ಅಕ್ಷರ ತೀರ ಚಿಕ್ಕದಾಗುವುದರಿಂದ ಅದನ್ನು ಮತ್ತೆ ಹಿಗ್ಗಿಸಿಯೇ ಓದಬೇಕು. ಹಾಗಾಗಿ ಒಂದು ಪುಟದಲ್ಲಿ ಕಾಣುವ ಸಾಲುಗಳು ಹೆಚ್ಚಾಗುವುದಿಲ್ಲ. ವಿದ್ಯುತ್ತು ಮಾತ್ರ ಹೆಚ್ಚು ಬೇಕು. ಬ್ಯಾಟರಿ ಬೇಗ ಬರಿದಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮೂರುಗಳಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ತೀರ ಅಗ್ಗದ್ದೇ ಸಾಕೇ? ಇಲ್ಲಿ ಕನ್ನಡಿಗರು ಬೇರೆ ಲೆಕ್ಕ ಹಾಕಬೇಕು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ನಮ್ಮವು ಒಂದರ ಕೆಳಗೊಂದು ಇಳಿಯುತ್ತವೆ. 'ರಾಷ್ಟ್ರ', 'ಲಕ್ಷ್ಮಿ' ಎಂಬಲ್ಲಿ ಒತ್ತಕ್ಷರಕ್ಕೆ ಸಿಗುವ ಚುಕ್ಕಿಗಳು ಬೆರಳೆಣಿಕೆಯಷ್ಟು. 'ದನ'ಕ್ಕೂ 'ಧನ'ಕ್ಕೂ ಇರುವ ಅಂತರ ಬುಡದ ಒಂದು ಸಣ್ಣ ಗೀಟು. 768ರ ಪರದೆಯಲ್ಲಿ ಚಿಕ್ಕ ಅಕ್ಷರದ ಪಾಠವನ್ನು ತೆರೆದಾಗ ಆ ಗೀಟು ಕರಗಿಹೋದುದನ್ನು ನಾವು ತರಗತಿಯಲ್ಲಿಯೇ ಕಂಡಿದ್ದೇವೆ. ಮಗು ಮಹಾಪ್ರಾಣವನ್ನು ಬಿಟ್ಟು ಓದಿತು, ನಾವು ಗದರಿಸಿದೆವು. ಮತ್ತೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದಾಗ ತಪ್ಪು ಮಗುವಿನದಲ್ಲವೆಂದು ತಿಳಿಯಿತು. ಬೀದಿಯ ಬೋರ್ಡಿನಲ್ಲಿ ಕನ್ನಡ ಅಪರೂಪವಾಗಿರುವ ಕಡೆ, ಓದುವ ಪುಟದಲ್ಲಾದರೂ ಅದು ಸ್ಪಷ್ಟವಾಗಿ ಕಾಣಬೇಡವೇ?

ಆದುದರಿಂದ ನಮ್ಮ ಸಲಹೆ ಇಷ್ಟು. ಓದು ಬರಹಕ್ಕೆ 14 ಇಂಚಿನ ಫುಲ್ ಎಚ್‌ಡಿ ಪರದೆ ಸಾಕು. ಅದರಲ್ಲಿ ಇಂಚಿಗೆ 157 ಚುಕ್ಕಿಗಳು ಸಿಗುತ್ತವೆ. ಅದಕ್ಕಿಂತ ಕೆಳಗಿಳಿಯಬೇಡಿ. 4ಕೆಗೆ ಕೊಡುವ ಹಣವನ್ನು ಹೆಚ್ಚಿನ ಮೆಮೊರಿಗೆ, ಒಳ್ಳೆಯ ಬ್ಯಾಟರಿಗೆ, ಪ್ರತಿಬಿಂಬ ಬೀಳದ ಮಂಕು ಮೈಯ ಪರದೆಗೆ ಹಾಕಿ. ಚಿತ್ರ, ಛಾಯಾಗ್ರಹಣಗಳನ್ನೇ ವೃತ್ತಿ ಮಾಡಿಕೊಂಡವರ ಮಾತು ಬೇರೆ. ಮನೆಯಲ್ಲಿ ಹಳೆಯ ಯಂತ್ರವೇ ಇದ್ದರೆ ಕಂಟ್ರೋಲ್ ಕೀಲಿ ಒತ್ತಿಹಿಡಿದು ಪ್ಲಸ್ ಒತ್ತಿ. ಅಕ್ಷರ ಹಿಗ್ಗುತ್ತದೆ, ಖರ್ಚಿಲ್ಲ.

ಅಂಗಡಿಯಲ್ಲಿ ಹೂವು, ಜಲಪಾತಗಳ ಬಣ್ಣದ ಚಿತ್ರ ತೋರಿಸುತ್ತಾರೆ. ಅದಕ್ಕೆ ಮರುಳಾಗದೆ ಒಂದು ಕನ್ನಡ ಪುಟ ತೆರೆಯಲು ಹೇಳಿ, ಎರಡಡಿ ದೂರದಲ್ಲಿ ಮಗುವನ್ನು ಕೂರಿಸಿ ಓದಿಸಿರಿ. ಒತ್ತು, ಮಹಾಪ್ರಾಣ ತಪ್ಪದೆ ಓದಿತೆಂದರೆ ಆ ಪರದೆ ಸಾಕು.